ಕಳಚಿದ ಹಿಮಬಂಡೆಯೂ ನಮ್ಮ ಗೋದಾಮಿನ ನೆಲಗಟ್ಟೂ

ನಮ್ಮಲ್ಲಿ ಬಹುತೇಕರು ಬೆಳಗಿನ ಪತ್ರಿಕೆಯಲ್ಲಿ ಮೊದಲು ನೋಡುವುದು ಧಾರಣೆಯ ಪುಟವನ್ನು. ಅಡಕೆ, ಕಾಳುಮೆಣಸು, ಗೋಡಂಬಿ, ಉಕ್ಕು, ಡಾಲರಿನ ವಿನಿಮಯ ದರ ಇವುಗಳನ್ನು ನೋಡಿ ಮುಗಿಸಿದ ಬಳಿಕವೇ ಲೋಕದ ಉಳಿದ ಸಮಾಚಾರ. ಆ ಉಳಿದ ಸಮಾಚಾರದಲ್ಲಿ ಎರಡು ಮೂರು ವರ್ಷಗಳಿಗೊಮ್ಮೆ ತಪ್ಪದೆ ಕಾಣಿಸಿಕೊಳ್ಳುವ ಚಿತ್ರವೊಂದಿದೆ. ಕಡುನೀಲಿ ಸಮುದ್ರದ ಮೇಲೆ ಕತ್ತರಿಸಿ ಇಟ್ಟಂತಹ ಬಿಳಿಯ ಹಲಗೆ. ಅದರ ಕೆಳಗೆ, ಇಂತಹ ನಗರಕ್ಕಿಂತ ಇಷ್ಟು ಪಟ್ಟು ದೊಡ್ಡದಾದ ಹಿಮಬಂಡೆ ದಕ್ಷಿಣ ಧ್ರುವದಲ್ಲಿ ಕಳಚಿಕೊಂಡಿತೆಂಬ ಒಕ್ಕಣೆ.

ಸಂಘದ ಮಾಸಿಕ ಸಭೆ ಮುಗಿದು ಕಾಫಿ ಕುಡಿಯುವ ಹೊತ್ತಿನಲ್ಲಿ ಈ ಸುದ್ದಿ ಪ್ರಸ್ತಾಪಕ್ಕೆ ಬಂದಾಗಲೆಲ್ಲ ಎರಡೇ ಬಗೆಯ ಮಾತುಗಳನ್ನು ನಾನು ಕೇಳಿದ್ದೇನೆ. ಒಬ್ಬರು, ‘ಇನ್ನು ನಮ್ಮ ಕರಾವಳಿಯ ಕಥೆ ಮುಗಿಯಿತು’ ಎಂದು ನಿಟ್ಟುಸಿರು ಬಿಡುತ್ತಾರೆ. ಮತ್ತೊಬ್ಬರು, ‘ಅಷ್ಟು ದೂರದ ಮಂಜುಗಡ್ಡೆ ಈ ತಿಂಗಳ ಜಿ.ಎಸ್.ಟಿ. ರಿಟರ್ನಿಗಿಂತ ದೊಡ್ಡ ವಿಷಯವೇ ಸ್ವಾಮಿ?’ ಎಂದು ನಗುತ್ತಾರೆ. ಇವೆರಡೂ ತಪ್ಪು ಲೆಕ್ಕಗಳೆಂಬುದು ನನ್ನ ಅಭಿಪ್ರಾಯ. ತೇಲಿ ಹೋದ ಸರಕನ್ನು ನೋಡುತ್ತ, ಅದು ಯಾವ ಗೋದಾಮಿನಿಂದ ಹೋಯಿತು, ಅಲ್ಲಿ ಇನ್ನು ಉಳಿದಿರುವುದೇನು ಎಂಬುದನ್ನು ಇಬ್ಬರೂ ವಿಚಾರಿಸುವುದಿಲ್ಲ.

ಮೊದಲಿಗೆ ವಿಷಯವನ್ನು ಸ್ವಲ್ಪ ಸ್ಪಷ್ಟಪಡಿಸಿಕೊಳ್ಳೋಣ. ಅಂಟಾರ್ಕ್ಟಿಕಾ ಖಂಡದ ನೆಲದ ಮೇಲೆ ಬಿದ್ದ ಹಿಮವು ಶತಮಾನಗಳ ಕಾಲ ಒತ್ತಿ ಗಟ್ಟಿಯಾಗಿ, ತನ್ನ ಭಾರಕ್ಕೆ ತಾನೇ ನಿಧಾನವಾಗಿ ಸಮುದ್ರದ ಕಡೆಗೆ ಹರಿಯುತ್ತದೆ. ಇವೇ ಹಿಮನದಿಗಳು. ದಡವನ್ನು ದಾಟಿದ ಮೇಲೂ ಮುರಿಯದೆ, ನೂರಾರು ಮೀಟರ್ ದಪ್ಪದ ಚಪ್ಪಡಿಯಾಗಿ ನೀರಿನ ಮೇಲೆ ತೇಲುತ್ತ ಖಂಡಕ್ಕೆ ಅಂಟಿಕೊಂಡೇ ಇರುವ ಭಾಗವನ್ನು ಇಂಗ್ಲಿಷಿನಲ್ಲಿ ಐಸ್ ಶೆಲ್ಫ್ ಎನ್ನುತ್ತಾರೆ. ನಾವು ಹಿಮಚಾಚು ಎಂದು ಕರೆಯೋಣ. ಈ ಚಾಚಿನ ಅಂಚು ಬಿರುಕು ಬಿಟ್ಟು ಕಳಚಿಕೊಂಡಾಗ ಪತ್ರಿಕೆಯ ಚಿತ್ರದಲ್ಲಿರುವ ಹಿಮಬಂಡೆ ಹುಟ್ಟುತ್ತದೆ. ಅಮೆರಿಕದ ರಾಷ್ಟ್ರೀಯ ಹಿಮ ಕೇಂದ್ರವು ಇವುಗಳಿಗೆ ಹುಟ್ಟಿದ ದಿಕ್ಕನ್ನು ಅನುಸರಿಸಿ ಎ, ಬಿ, ಸಿ, ಡಿ ಎಂಬ ಅಕ್ಷರವನ್ನೂ ಸರಣಿ ಸಂಖ್ಯೆಯನ್ನೂ ಕೊಡುತ್ತದೆ. ನಮ್ಮ ಸರಕಿನ ಲಾಟಿಗೆ ಗುರುತು ಹಾಕಿದಂತೆ.

2000ದ ಮಾರ್ಚ್ ತಿಂಗಳಲ್ಲಿ ರಾಸ್ ಹಿಮಚಾಚಿನಿಂದ ಕಳಚಿದ ಬಿ-15 ಎಂಬ ಬಂಡೆಯ ವಿಸ್ತೀರ್ಣ ಸುಮಾರು 11,000 ಚದರ ಕಿಲೋಮೀಟರ್. ಇದು ನಮ್ಮ ಇಡೀ ಉತ್ತರ ಕನ್ನಡ ಜಿಲ್ಲೆಗಿಂತ ದೊಡ್ಡದು. ಉಪಗ್ರಹಗಳ ಕಾಲದಲ್ಲಿ ದಾಖಲಾದವುಗಳ ಪೈಕಿ ಇದಕ್ಕೇ ಮೊದಲ ಸ್ಥಾನ. 2017ರ ಜುಲೈನಲ್ಲಿ ಲಾರ್ಸೆನ್ ಸಿ ಹಿಮಚಾಚಿನಿಂದ ಹೊರಟ ಎ-68ರ ತೂಕ ಸುಮಾರು ಒಂದು ಲಕ್ಷ ಕೋಟಿ ಟನ್. ಅದು ಮೂರೂವರೆ ವರ್ಷ ಅಲೆದು ದಕ್ಷಿಣ ಜಾರ್ಜಿಯಾ ದ್ವೀಪದ ಬಳಿ ಕರಗಿತು. ಅಲ್ಲಿ ಮೂರು ತಿಂಗಳಲ್ಲಿ ಅದು ಸಮುದ್ರಕ್ಕೆ ಸುರಿದ ಸಿಹಿನೀರು 15,200 ಕೋಟಿ ಟನ್ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಕೃಷ್ಣರಾಜಸಾಗರವನ್ನು ನೂರಕ್ಕೂ ಹೆಚ್ಚು ಸಲ ತುಂಬಬಹುದಾದಷ್ಟು ನೀರು.

ಇಂತಹ ಅಂಕಿಗಳನ್ನು ಕೇಳಿದೊಡನೆ ವ್ಯಾಪಾರಿಯ ಮನಸ್ಸು ಇದನ್ನು ಎಳೆದು ತಂದು ಮಾರಬಹುದಲ್ಲ ಎಂದು ಯೋಚಿಸುವುದು ಸಹಜ. ಈ ಯೋಚನೆ ಹೊಸದೇನಲ್ಲ. ಬೋಸ್ಟನ್ನಿನ ವರ್ತಕ ಫ್ರೆಡರಿಕ್ ಟ್ಯೂಡರ್ 1833ರಲ್ಲಿ ಟಸ್ಕನಿ ಎಂಬ ಹಡಗಿನಲ್ಲಿ ಅಲ್ಲಿಯ ಕೆರೆಗಳ ಮಂಜುಗಡ್ಡೆಯನ್ನು ತುಂಬಿ ಕಲ್ಕತ್ತೆಗೆ ಕಳುಹಿಸಿದ. 180 ಟನ್ ಹೊರಟು ಸುಮಾರು 100 ಟನ್ ತಲುಪಿತು. ನಷ್ಟ ಕಳೆದೂ ಲಾಭ ಮಾಡಿದ ಆತ ಮುಂದೆ ಮದ್ರಾಸಿನಲ್ಲಿಯೂ ಐಸ್ ಹೌಸ್ ಕಟ್ಟಿಸಿದ. ಹಿಮಬಂಡೆಯನ್ನೇ ಎಳೆದು ತರುವ ವಿಚಾರವಾಗಿ 1977ರಲ್ಲಿ ಸೌದಿ ರಾಜಕುಮಾರರೊಬ್ಬರ ಆಸಕ್ತಿಯಿಂದ ಅಮೆರಿಕದ ಅಯೋವಾದಲ್ಲಿ ಸಮ್ಮೇಳನವೇ ನಡೆಯಿತು. 2018ರಲ್ಲಿ ಬರದಿಂದ ತತ್ತರಿಸಿದ ಕೇಪ್‌ಟೌನಿಗಾಗಿ ಇದೇ ಯೋಜನೆ ಮತ್ತೆ ಮೇಲೆದ್ದಿತು. ಒಂದು ಬಂಡೆಯೂ ಬಂದು ಸೇರಲಿಲ್ಲ. ಸಾಗಾಣಿಕೆ ವೆಚ್ಚವನ್ನು ಬಲ್ಲ ನಮ್ಮ ಓದುಗರಿಗೆ ಕಾರಣ ವಿವರಿಸಬೇಕಾಗಿಲ್ಲ. ಇಷ್ಟು ಹೇಳಿ ಮೂಲ ವಿಷಯಕ್ಕೆ ಮರಳುತ್ತೇನೆ.

ಹಿಮಬಂಡೆ ಕಳಚುವುದು ತನ್ನಷ್ಟಕ್ಕೆ ಅನಾಹುತವಲ್ಲ. ಖಂಡದ ಮೇಲೆ ಪ್ರತಿವರ್ಷ ಹೊಸ ಹಿಮ ಬೀಳುತ್ತದೆ. ಅಂಚಿನಲ್ಲಿ ಅಷ್ಟೇ ಪ್ರಮಾಣ ಹೊರಹೋಗಬೇಕು, ಸರಿಸುಮಾರು ಅರ್ಧ ಭಾಗ ಕಳಚಿ, ಉಳಿದರ್ಧ ಅಡಿಯಿಂದ ಕರಗಿ. ಇದು ಬಡ್ಡಿ ಬಂದು ಬಡ್ಡಿ ಖರ್ಚಾದಂತೆ, ಅಸಲಿಗೆ ಧಕ್ಕೆಯಿಲ್ಲ. 1976ರಿಂದ 2023ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು, ವರ್ಷದ ಅತಿ ದೊಡ್ಡ ಬಂಡೆಯ ಗಾತ್ರ ಈ ಅವಧಿಯಲ್ಲಿ ಏರುತ್ತ ಬಂದಿಲ್ಲವೆಂದೇ ಹೇಳಿದ್ದಾರೆ. ಇನ್ನು ಸಮುದ್ರದ ಮಟ್ಟದ ಮಾತು. ಶರಬತ್ತಿನ ಲೋಟದಲ್ಲಿ ತೇಲುವ ಮಂಜುಗಡ್ಡೆ ಕರಗಿದರೆ ಲೋಟ ತುಂಬಿ ಚೆಲ್ಲುವುದಿಲ್ಲ. ಹಿಮಚಾಚು ಮೊದಲೇ ತೇಲುತ್ತಿದ್ದುದರಿಂದ ಅದರ ಭಾರವನ್ನು ಸಮುದ್ರದ ಖಾತೆಯಲ್ಲಿ ಎಂದೋ ಖರ್ಚು ಬರೆದಾಗಿದೆ. ಆದುದರಿಂದ ನಿಟ್ಟುಸಿರು ಬಿಡುವ ಮಿತ್ರರು ಚಿತ್ರವನ್ನು ನೋಡಿ ಹೆದರುವುದು ಅನಾವಶ್ಯಕ.

ಹಾಗಿದ್ದರೆ ನಗುವ ಮಿತ್ರರ ಮಾತೇ ಸರಿಯೆನ್ನಬಹುದೇ? ಇಲ್ಲಿ 2002ರ ಒಂದು ಘಟನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಅಂಟಾರ್ಕ್ಟಿಕಾದ ಪರ್ಯಾಯದ್ವೀಪದ ಪೂರ್ವದಲ್ಲಿ ಲಾರ್ಸೆನ್ ಬಿ ಎಂಬ ಹಿಮಚಾಚು ಇತ್ತು. ಸುಮಾರು 220 ಮೀಟರ್ ದಪ್ಪ. ಹತ್ತು ಸಾವಿರ ವರ್ಷಗಳಿಗೂ ಮಿಕ್ಕಿ ಅಲುಗದೆ ಇದ್ದುದು. ಬೇಸಿಗೆಗಳು ಬೆಚ್ಚಗಾಗುತ್ತ ಬಂದಂತೆ ಅದರ ಮೇಲ್ಮೈಯಲ್ಲಿ ಕರಗಿದ ನೀರು ಸಣ್ಣ ಸಣ್ಣ ಹೊಂಡಗಳಾಗಿ ನಿಂತಿತು. ಆ ನೀರು ಬಿರುಕುಗಳಿಗಿಳಿದು, ತನ್ನ ಭಾರದಿಂದ ಅವನ್ನು ತಳದವರೆಗೂ ಸೀಳಿತು. 2002ರ ಜನವರಿ ಕೊನೆಯಿಂದ ಮಾರ್ಚ್ ಆರಂಭದವರೆಗೆ, ಕೇವಲ 35 ದಿನಗಳಲ್ಲಿ, 3,250 ಚದರ ಕಿಲೋಮೀಟರ್ ಹಿಮ ನುಚ್ಚುನೂರಾಯಿತು. ಬಿ-15ಕ್ಕೆ ಹೋಲಿಸಿದರೆ ಮೂರರಲ್ಲಿ ಒಂದು ಪಾಲೂ ಇಲ್ಲ. ಆದರೆ ಬಿ-15 ಬಡ್ಡಿಯಾಗಿದ್ದರೆ ಇದು ಅಸಲು.

ಮುಂದೆ ನಡೆದುದು ಗಮನಾರ್ಹ. ಅಕ್ಕಿಮೂಟೆಗಳ ಅಟ್ಟಿಯಲ್ಲಿ ಮುಂದಿನ ಸಾಲಿನ ಮೂಟೆಗಳನ್ನು ಬುಡದಿಂದ ಎಳೆದರೆ ಹಿಂದಿನವು ಏನಾಗುತ್ತವೆಂದು ನಮ್ಮ ಹಮಾಲರನ್ನು ಕೇಳಿದರೆ ಹೇಳುತ್ತಾರೆ. ಲಾರ್ಸೆನ್ ಬಿಯ ಹಿಂದೆ ನೆಲದ ಮೇಲಿದ್ದ ಹಿಮನದಿಗಳು ಮುಂದಿನ ಆನಿಕೆ ತಪ್ಪಿದೊಡನೆ ಹಿಂದಿಗಿಂತ ಎರಡರಿಂದ ಆರು ಪಟ್ಟು ವೇಗವಾಗಿ ಸಮುದ್ರಕ್ಕೆ ಇಳಿಯತೊಡಗಿದವು. ಪಕ್ಕದಲ್ಲೇ, ಹಿಮಚಾಚಿನ ಒಂದು ತುಂಡು ಉಳಿದುಕೊಂಡಿದ್ದ ಕಡೆ, ಹಿಮನದಿಗಳು ಆಗ ವೇಗ ಪಡೆಯಲಿಲ್ಲ. ಒಂದೇ ಊರಿನ ಒಂದೇ ಹವೆಯಲ್ಲಿ ಆನಿಕೆ ಇದ್ದ ಕಡೆ ಒಂದು ಫಲ, ಇಲ್ಲದ ಕಡೆ ಇನ್ನೊಂದು ಫಲ. ಇದಕ್ಕಿಂತ ಸ್ಪಷ್ಟವಾದ ಪ್ರಯೋಗವನ್ನು ಯಾವ ಪ್ರಯೋಗಶಾಲೆಯೂ ಮಾಡಿ ತೋರಿಸಲಾರದು. ತೇಲುವ ಚಾಚು ಹೋದುದರಿಂದ ಸಮುದ್ರ ಏರುವುದಿಲ್ಲ; ಅದು ತಡೆಹಿಡಿದಿದ್ದ ನೆಲದ ಹಿಮ ಇಳಿದಾಗ ಏರುತ್ತದೆ. ಸಾಲದ ಜಾಮೀನುದಾರ ಕಣ್ಮರೆಯಾದರೆ ಆ ದಿನವೇ ಬ್ಯಾಂಕಿಗೆ ನಷ್ಟವಾಗುವುದಿಲ್ಲ. ಆದರೂ ವ್ಯವಸ್ಥಾಪಕರಿಗೆ ಅಂದು ರಾತ್ರಿ ನಿದ್ದೆ ಬರುವುದಿಲ್ಲ.

ಈ ನಷ್ಟಕ್ಕೆ ಚಿತ್ರವಿಲ್ಲದಿರುವುದೇ ಅದರ ತೊಡಕು. 1992ರಿಂದ 2017ರವರೆಗಿನ ಇಪ್ಪತ್ತೈದು ವರ್ಷಗಳಲ್ಲಿ ಅಂಟಾರ್ಕ್ಟಿಕಾದ ನೆಲದ ಹಿಮದಲ್ಲಿ ಸುಮಾರು 2.7 ಲಕ್ಷ ಕೋಟಿ ಟನ್ ಕಡಮೆಯಾಗಿದೆ. ಜಗತ್ತಿನ ಸಮುದ್ರಮಟ್ಟಕ್ಕೆ ಅದರ ಕೊಡುಗೆ 7.6 ಮಿಲಿಮೀಟರ್, ಅದರಲ್ಲಿ ದೊಡ್ಡ ಪಾಲು ಕೊನೆಯ ಐದು ವರ್ಷಗಳದ್ದು. ಎ-68ರ ಸುದ್ದಿ ಲೋಕವನ್ನೆಲ್ಲ ಸುತ್ತಿತು, ಅದರಿಂದ ಮಟ್ಟ ಏರಲಿಲ್ಲ. ಅದರ ಎರಡೂವರೆ ಪಟ್ಟಿಗಿಂತ ಹೆಚ್ಚಿನ ಹಿಮ ಸದ್ದಿಲ್ಲದೆ ಹೋಯಿತು, ಮಟ್ಟ ಏರಿತು. ಏಳೂವರೆ ಮಿಲಿಮೀಟರ್ ಎಂದರೆ ನಗು ಬರಬಹುದು. ಆದರೆ ಪಶ್ಚಿಮ ಅಂಟಾರ್ಕ್ಟಿಕಾದ ಥ್ವೇಟ್ಸ್ ಎಂಬ ಒಂದೇ ಹಿಮನದಿಯ ವಿಸ್ತಾರ ಸುಮಾರು 1,92,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ವಿಸ್ತೀರ್ಣ 1,91,791. ಬೀದರಿನಿಂದ ಚಾಮರಾಜನಗರದವರೆಗೆ ಹಿಮವೇ ತುಂಬಿದೆಯೆಂದು ಭಾವಿಸಿಕೊಳ್ಳಿ. ಅದು ಪೂರ್ತಿ ಇಳಿದರೆ ಸಮುದ್ರಮಟ್ಟ 65 ಸೆಂಟಿಮೀಟರ್ ಏರುತ್ತದೆ. ಹಾಗಾಗಲು ಬಹಳ ಕಾಲ ಬೇಕು, ನಾಳೆ ಬೆಳಿಗ್ಗೆಯ ಮಾತಲ್ಲ. ಅದರ ಒಂದು ಬದಿಗೆ ಆನಿಕೆಯಾಗಿರುವ ಹಿಮಚಾಚಿನಲ್ಲಿ ಈಗಾಗಲೇ ಬಿರುಕುಗಳು ಹಬ್ಬಿವೆ ಎಂಬುದನ್ನೂ ಹೇಳಲೇಬೇಕು.

ದೂರದ ಮಾತಾಯಿತು. ಆದರೆ ಈ ವಿಷಯದಲ್ಲಿ ದೂರವೇ ನಮಗೆ ಪ್ರತಿಕೂಲ. ಅಂಟಾರ್ಕ್ಟಿಕಾದ ಹಿಮರಾಶಿ ಎಷ್ಟು ಭಾರವೆಂದರೆ, ಅದು ತನ್ನ ಗುರುತ್ವಾಕರ್ಷಣೆಯಿಂದ ಸುತ್ತಲಿನ ಸಮುದ್ರವನ್ನು ತನ್ನತ್ತ ಸೆಳೆದು ಹಿಡಿದಿದೆ. ಹಿಮ ಕಡಮೆಯಾದಂತೆ ಆ ಸೆಳೆತ ಸಡಿಲಗೊಂಡು ಅಲ್ಲಿಯ ನೀರು ದೂರದ ಸಾಗರಗಳಿಗೆ ಹಂಚಿಕೆಯಾಗುತ್ತದೆ. ಹೀಗಾಗಿ ಅಲ್ಲಿಯ ಹಿಮ ಕರಗಿದರೆ ಅಲ್ಲಿಯ ತೀರದಲ್ಲಿ ಮಟ್ಟ ಇಳಿಯುತ್ತದೆ. ದೂರದ ತೀರಗಳಲ್ಲಿ ಸರಾಸರಿಗಿಂತ ತುಸು ಹೆಚ್ಚೇ ಏರುತ್ತದೆ. ನಮ್ಮ ಅರಬ್ಬೀ ಸಮುದ್ರದ ತೀರ ಆ ದೂರದ ತೀರಗಳ ಪೈಕಿಯದು.

ಇನ್ನು ನಾವು ಮಾಡಬೇಕಾದುದೇನು? ಈ ಪ್ರಶ್ನೆಗೆ ಉತ್ತರವನ್ನು ಹಿಮಚಾಚಿನ ಮೇಲೆಯೇ ಮನೆ ಕಟ್ಟಿದ ಮೂರು ದೇಶಗಳ ಅನುಭವದಲ್ಲಿ ಹುಡುಕಬಹುದೆಂದು ನನಗೆ ತೋರುತ್ತದೆ.

ಮೊದಲನೆಯದು ಅಂದಿನ ಸೋವಿಯತ್ ಒಕ್ಕೂಟ. ಫಿಲ್ಶ್‌ನರ್ ಹಿಮಚಾಚಿನ ಮೇಲೆ ಅವರ ದ್ರೂಜ್ನಾಯಾ ಎಂಬ ಸಂಶೋಧನಾ ನೆಲೆ ಇತ್ತು. 1986ರಲ್ಲಿ ಆ ಭಾಗವೇ ಕಳಚಿ ನೆಲೆಯ ಸಮೇತ ಸಮುದ್ರಕ್ಕೆ ಹೊರಟಿತು. ಸಾಮಾನು ಸರಂಜಾಮುಗಳನ್ನು ಉಳಿಸಿಕೊಳ್ಳಲು ಮಾಸ್ಕೋದಿಂದ ತಂಡವನ್ನೇ ಅಟ್ಟಬೇಕಾಯಿತು. ಆ ಬಂಡೆಯೇ ಎ-23ಎ, ಗೋವಾ ರಾಜ್ಯಕ್ಕಿಂತ ದೊಡ್ಡದು. ಮೂವತ್ತಕ್ಕೂ ಹೆಚ್ಚು ವರ್ಷ ವೆಡೆಲ್ ಸಮುದ್ರದ ತಳಕ್ಕೆ ತಗುಲಿ ನಿಂತು, 2020ರಲ್ಲಿ ಸಡಿಲಗೊಂಡು, 2025ರ ಮಾರ್ಚ್‌ನಲ್ಲಿ ದಕ್ಷಿಣ ಜಾರ್ಜಿಯಾದ ಬಳಿ ಮತ್ತೆ ನೆಲಕಚ್ಚಿತು. ಅದೇ ವರ್ಷದ ಸೆಪ್ಟೆಂಬರ್ ವೇಳೆಗೆ ತನ್ನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕಳೆದುಕೊಂಡಿತ್ತು.

ಎರಡನೆಯದು ನಮ್ಮದೇ ದೇಶ. 1981ರಲ್ಲಿ ಗೋವಾದಿಂದ ಹೊರಟ ಡಾ. ಎಸ್. ಜಡ್. ಖಾಸಿಂ ನೇತೃತ್ವದ ಮೊದಲ ಯಾತ್ರೆಯ ಬೆನ್ನಿಗೆ, 1983-84ರಲ್ಲಿ ದಕ್ಷಿಣ ಗಂಗೋತ್ರಿ ಎಂಬ ನೆಲೆಯನ್ನು ಹಿಮಚಾಚಿನ ಮೇಲೆಯೇ ಕಟ್ಟಲಾಯಿತು. ಹೊಸಬರಿಗೆ ಅದೇ ಅನುಕೂಲದ ಜಾಗವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ವರ್ಷದಿಂದ ವರ್ಷಕ್ಕೆ ಹಿಮ ಅದರ ಮೇಲೆ ಪೇರಿ ನೆಲೆ ಹೂತುಹೋಗತೊಡಗಿತು. ನಮ್ಮವರು ಹಟ ಹಿಡಿಯಲಿಲ್ಲ. 1989ರ ವೇಳೆಗೆ ಶಿರ್ಮಾಕರ್ ಪ್ರದೇಶದ ಬಂಡೆಗಲ್ಲಿನ ಮೇಲೆ ಮೈತ್ರಿ ನೆಲೆ ಎದ್ದಿತು. 2012ರಲ್ಲಿ ಆರಂಭವಾದ ಭಾರತಿ ನೆಲೆಯೂ ಕಲ್ಲುನೆಲದ ಮೇಲೆಯೇ ಇದೆ. ಆರೇ ವರ್ಷಗಳಲ್ಲಿ ಮೊದಲ ಬಂಡವಾಳವನ್ನು ಬಿಟ್ಟುಕೊಟ್ಟು ಜಾಗ ಬದಲಿಸುವುದು ಸರಕಾರಿ ಇಲಾಖೆಗೂ ಖಾಸಗಿ ಉದ್ಯಮಿಗೂ ಸುಲಭದ ನಿರ್ಧಾರವಲ್ಲ. ಈ ಪ್ರಸಂಗಕ್ಕೆ ನಮ್ಮಲ್ಲಿ ಸಿಗಬೇಕಾದಷ್ಟು ಮೆಚ್ಚುಗೆ ಸಿಕ್ಕಿಲ್ಲವೆಂದೇ ನನ್ನ ಭಾವನೆ.

ಮೂರನೆಯದು ಬ್ರಿಟನ್ನಿನ ಹ್ಯಾಲಿ ನೆಲೆ. 1985ರಲ್ಲಿ ಓಜೋನ್ ಪದರದ ರಂಧ್ರವನ್ನು ಲೋಕಕ್ಕೆ ತಿಳಿಸಿದ ಮಾಪನಗಳು ನಡೆದುದು ಇಲ್ಲಿಯೇ. ಬ್ರಂಟ್ ಹಿಮಚಾಚಿನ ಮೇಲಿನ ಈ ಜಾಗವನ್ನು ಅವರು ಬಿಡುವಂತಿರಲಿಲ್ಲ. ಹಿಂದಿನ ಕಟ್ಟಡಗಳು ಒಂದಾದ ಮೇಲೊಂದು ಹಿಮದಲ್ಲಿ ಹೂತು ಜಜ್ಜಿಹೋಗಿದ್ದವು. ಆದುದರಿಂದ ಆರನೆಯ ಹ್ಯಾಲಿಯನ್ನು ಬಿಡಿ ಬಿಡಿ ಘಟಕಗಳಾಗಿ, ಏರಿಸಿ ಇಳಿಸಬಹುದಾದ ಕಾಲುಗಳ ಮೇಲೆ ನಿಲ್ಲಿಸಿ, ಕಾಲುಗಳಿಗೆ ಹಿಮದ ಮೇಲೆ ಜಾರುವ ಹಲಗೆಗಳನ್ನು ಜೋಡಿಸಿದರು. 2012ರಲ್ಲಿ, ದೀರ್ಘಕಾಲ ಸುಮ್ಮನಿದ್ದ ಒಂದು ಬಿರುಕು ಮತ್ತೆ ಬೆಳೆಯುತ್ತಿರುವುದು ಉಪಗ್ರಹ ಚಿತ್ರಗಳಲ್ಲಿ ಕಂಡಿತು. ಅದು ಯಾವಾಗ ತಳ ಮುಟ್ಟುವುದೆಂದು ಯಾರಿಗೂ ತಿಳಿದಿರಲಿಲ್ಲ. ತಿಳಿಯುವವರೆಗೆ ಅವರು ಕಾಯಲೂ ಇಲ್ಲ. 2016-17ರ ಬೇಸಿಗೆಯಲ್ಲಿ ಘಟಕಗಳನ್ನು ಒಂದೊಂದಾಗಿ ಟ್ರ್ಯಾಕ್ಟರಿಗೆ ಕಟ್ಟಿ 23 ಕಿಲೋಮೀಟರ್ ಒಳಕ್ಕೆ ಎಳೆದೊಯ್ದರು. ಚಳಿಗಾಲದಲ್ಲಿ ಸಿಬ್ಬಂದಿಯನ್ನು ಇರಿಸುವುದನ್ನು ನಿಲ್ಲಿಸಿದರು. ಮುಂದೆ ಆರು ವರ್ಷ ಆ ಬಿರುಕಿನಲ್ಲಿ ಬಂಡೆ ಕಳಚಲಿಲ್ಲ. ಆ ಆರು ವರ್ಷಗಳಲ್ಲಿ ‘ಸುಮ್ಮನೆ ಖರ್ಚು ಮಾಡಿದರು’ ಎಂದವರು ಇದ್ದಿರಲೂಬಹುದು. ನಮ್ಮಲ್ಲಾಗಿದ್ದರೆ ಲೆಕ್ಕಪರಿಶೋಧಕರ ಟಿಪ್ಪಣಿಯೇ ಬರುತ್ತಿತ್ತು. 2023ರ ಜನವರಿ 22ರಂದು ಬಿರುಕು ಪೂರ್ತಿಯಾಗಿ 1,550 ಚದರ ಕಿಲೋಮೀಟರಿನ ಎ-81 ಕಳಚಿತು. ಆಗ ನೆಲೆಯಲ್ಲಿದ್ದ 21 ಮಂದಿಗೆ ಯಾವ ತೊಂದರೆಯೂ ಆಗಲಿಲ್ಲ.

ಕರಾವಳಿಯಲ್ಲಿ ಬಂಡವಾಳ ಹೂಡಿದ, ಹೂಡಲಿರುವ ನಮ್ಮ ಸದಸ್ಯರಿಗೆ ನಾನು ಸೂಚಿಸಬಯಸುವುದು ಈ ಮೂರನೆಯ ದಾರಿಯನ್ನು. ಪಣಂಬೂರು, ಬೈಕಂಪಾಡಿಗಳನ್ನು ಬಿಟ್ಟು ಗುಡ್ಡ ಹತ್ತಬೇಕೆಂದು ಯಾರೂ ಹೇಳುವುದಿಲ್ಲ. ಬಂದರಿನ ವ್ಯಾಪಾರ ಬಂದರಿನ ಬಳಿಯೇ ನಡೆಯಬೇಕು. ಪ್ರಶ್ನೆ ಇರುವುದು ಅವಧಿಗಳ ನಡುವಿನ ವ್ಯತ್ಯಾಸದಲ್ಲಿ. ನಮ್ಮ ನಿವೇಶನದ ಗುತ್ತಿಗೆ ಹಲವು ದಶಕಗಳದ್ದು, ಕಟ್ಟಡದ ಆಯುಸ್ಸು ಐವತ್ತು ವರ್ಷ, ಬ್ಯಾಂಕಿನ ಸಾಲ ಹತ್ತು ವರ್ಷ, ವಿಮೆ ಮಾತ್ರ ಒಂದು ವರ್ಷ. 2021ರ ಏಪ್ರಿಲ್ ಒಂದರಿಂದ ಐದು ಕೋಟಿ ರೂಪಾಯಿವರೆಗಿನ ಆಸ್ತಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ಅದರ ಮೇಲೆ ಐವತ್ತು ಕೋಟಿವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ ಎಂಬ ಪಾಲಿಸಿಗಳು ಬಂದಿವೆ. ಚಂಡಮಾರುತ, ನೆರೆ, ಜಲಾವೃತಿ ಇವುಗಳಲ್ಲಿ ಸೇರಿವೆ. ಸದಸ್ಯರು ಇವನ್ನು ಅವಶ್ಯವಾಗಿ ಮಾಡಿಸಿಕೊಳ್ಳಬೇಕು. ಆದರೆ ವಿಮೆ ಇರುವುದು ಹಠಾತ್ತನೆ ಬರುವ ನಷ್ಟಕ್ಕೆ. ವರ್ಷಕ್ಕೆ ಕೂದಲೆಳೆಯಷ್ಟು ಏರುವ ಮಟ್ಟಕ್ಕೆ, ಮಳೆಗಾಲದ ಭರತದ ವೇಳೆ ಹಿಂದಕ್ಕೆ ಒತ್ತುವ ಚರಂಡಿಯ ನೀರಿಗೆ, ಗೋಡೆಯಲ್ಲಿ ಮೇಲೇರುವ ಉಪ್ಪಿನ ತೇವಕ್ಕೆ ವಿಮೆಯ ಕಂತು ಉತ್ತರವಲ್ಲ.

ನೂರು ವರ್ಷಗಳ ಹಿಂದೆ ಹಡಗು ವ್ಯಾಪಾರವೂ ಇದೇ ತಿಳಿವಳಿಕೆಗೆ ಬಂದಿತ್ತು. 1912ರಲ್ಲಿ ಟೈಟಾನಿಕ್ ಮುಳುಗಿ 1,500ಕ್ಕೂ ಹೆಚ್ಚು ಜನ ಸತ್ತ ಬಳಿಕ, ಉತ್ತರ ಅಟ್ಲಾಂಟಿಕಿನಲ್ಲಿ ಹಿಮಬಂಡೆಗಳ ಮೇಲೆ ಕಣ್ಣಿಡಲು 1914ರಿಂದ ಅಂತಾರಾಷ್ಟ್ರೀಯ ಹಿಮ ಗಸ್ತು ಏರ್ಪಟ್ಟಿತು. ಅದರ ಖರ್ಚನ್ನು ಆ ಮಾರ್ಗದಲ್ಲಿ ಸಂಚರಿಸುವ ಹಡಗುಗಳ ಟನ್ನೇಜಿಗೆ ಅನುಸಾರವಾಗಿ ರಾಷ್ಟ್ರಗಳು ಹಂಚಿಕೊಳ್ಳುತ್ತವೆ. ಸರಕು ಸಾಗಿಸುವವರೇ ಸೇರಿ ಮುನ್ನೋಟಕ್ಕೆ ಹಣ ಕೊಡುವ ಈ ಪದ್ಧತಿ ಇಂದಿಗೂ ನಡೆದಿದೆ. ದಕ್ಷಿಣದ ಹಿಮದಿಂದ ಏರುವ ನೀರಿಗೆ ಅಂತಹ ಗಸ್ತು ಇಲ್ಲ. ಇರುವುದು ಉಪಗ್ರಹಗಳ ಅಳತೆ, ಬಂದರುಗಳ ಉಬ್ಬರವಿಳಿತ ಮಾಪಕಗಳು, ಮತ್ತು ಕರಾವಳಿಗಾಗಿ ಸರ್ವೆ ಆಫ್ ಇಂಡಿಯಾ ಗುರುತಿಸಿದ ಅಪಾಯರೇಖೆ. ನೆರೆಯ ವ್ಯಾಪ್ತಿ, ತೀರದ ಕೊರೆತ, ಸಮುದ್ರಮಟ್ಟದ ಏರಿಕೆ ಇವನ್ನೆಲ್ಲ ಗಣನೆಗೆ ತೆಗೆದುಕೊಂಡ ರೇಖೆಯದು. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯ ಪ್ರಕಾರ ಈ ರೇಖೆ ನಿರ್ಬಂಧಕ್ಕಾಗಿ ಅಲ್ಲ, ವಿಪತ್ತು ನಿರ್ವಹಣೆಯ ಸಾಧನವಾಗಿ ಬಳಕೆಯಾಗಬೇಕು. ಹಾಗಾಗಿ ಅದನ್ನು ಕಂಡು ಉದ್ಯಮಿಗಳು ಹೆದರಬೇಕಾಗಿಲ್ಲ. ನೋಡದಿರುವುದೇ ನಷ್ಟ.

ನನ್ನ ಮಟ್ಟಿಗೆ ಹೇಳುವುದಾದರೆ, ಮಂಗಳೂರಿನ ಹಳೆಯ ಬಂದರಿನ ಬಳಿ ನಮ್ಮ ತಂದೆಯವರ ಕಾಲದ ಒಂದು ಗೋದಾಮು ಇದೆ. 1974ರಲ್ಲಿ ನೇತ್ರಾವತಿಗೆ ಮಹಾನೆರೆ ಬಂದ ಬಳಿಕ ಅವರು ಅದರ ನೆಲಗಟ್ಟನ್ನು ಮುರಕಲ್ಲಿನ ಎರಡು ವರಸೆಯಷ್ಟು ಎತ್ತರಿಸಿದರು. ಲಾರಿಯಿಂದ ಮೂಟೆ ಇಳಿಸಲು ಕಷ್ಟವಾಗುತ್ತದೆಂದು ಮೇಸ್ತ್ರಿಯೂ ಹಮಾಲರೂ ಗೊಣಗಿದರಂತೆ. ಅವರ ಕೈಯಲ್ಲಿ ಉಪಗ್ರಹದ ಚಿತ್ರವಿರಲಿಲ್ಲ. ಗೋಡೆಯ ಮೇಲೆ ನೆರೆನೀರು ಬಿಟ್ಟುಹೋದ ಗೆರೆ ಇತ್ತು, ಅಷ್ಟೇ. ಕಳೆದ ಬಾರಿ ಸುಣ್ಣ ಬಳಿಸುವಾಗ ಆ ಗೆರೆಯನ್ನು ಅಳಿಸಬೇಡಿರೆಂದು ನಾನು ಹೇಳಿದ್ದೇನೆ.

ಕರಾವಳಿಯ ಕೈಗಾರಿಕಾ ಪ್ರದೇಶಗಳಲ್ಲಿ ಹಂಚಿಕೆಯಾಗುವ ಪ್ರತಿಯೊಂದು ನಿವೇಶನದ ನಕ್ಷೆಯ ಮೇಲೆ ಅಪಾಯರೇಖೆಯನ್ನೂ, ನಿವೇಶನವು ಸಮುದ್ರಮಟ್ಟದಿಂದ ಇರುವ ಎತ್ತರವನ್ನೂ ಮುದ್ರಿಸಿ ಕೊಡಬೇಕೆಂದು ನಮ್ಮ ಸಂಘವು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಗೆ ಮನವಿ ಸಲ್ಲಿಸಬೇಕು. ನೆಲಗಟ್ಟನ್ನು ಎತ್ತರಿಸುವ, ಚರಂಡಿಗೆ ಹಿಮ್ಮುಖ ಹರಿವನ್ನು ತಡೆಯುವ ಬಾಗಿಲು ಹಾಕಿಸುವ ಘಟಕಗಳಿಗೆ ವಿಮಾ ಕಂತಿನಲ್ಲಿ ರಿಯಾಯಿತಿ ಕೇಳುವುದೂ ನ್ಯಾಯವೇ ಆಗಿದೆ. ನಿರ್ಣಯದ ಕರಡನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಮಂಡಿಸಲು ನಾನು ಸಿದ್ಧನಿದ್ದೇನೆ. ಅನುಮೋದಿಸಲು ಕರಾವಳಿಯ ಸದಸ್ಯರೊಬ್ಬರು, ಸಾಧ್ಯವಾದರೆ ಘಟ್ಟದ ಮೇಲಿನವರೊಬ್ಬರು ಮುಂದೆ ಬರಬೇಕು. ಹುಬ್ಬಳ್ಳಿಯವರ ಸರಕೂ ಇಳಿಯುವುದು ಇದೇ ಬಂದರಿನ ಗೋದಾಮುಗಳಲ್ಲಿಯೇ.